ಡೋಣಿ ಬಯಲಿನ ಬರಗಾಲಗಳೂ ಕ್ರೈಸ್ತ ನಿರೀಕ್ಷೆಯೂ: ವಿಜಯಪುರ ಸೀಮೆಯ ಸಭಾಚರಿತ್ರೆಯ ಒಂದು ಪಾಠ

ಪೌಲನು ಕೊರಿಂಥದ ಸಭೆಗೆ ಬರೆದ ಮೊದಲ ಪತ್ರದ 13ನೆಯ ಅಧ್ಯಾಯದ ಕೊನೆಯಲ್ಲಿ ನೆಲೆನಿಲ್ಲುವ ಮೂರು ಸಂಗತಿಗಳನ್ನು ಹೆಸರಿಸುತ್ತಾನೆ. ಅವುಗಳಲ್ಲಿ ನಡುವಿನದಕ್ಕೆ ಕನ್ನಡ ಬೈಬಲು 'ನಿರೀಕ್ಷೆ' ಎಂಬ ಪದವನ್ನು ಬಳಸಿದೆ. ಈ ಪದದ ಮೂಲದಲ್ಲಿ ನೋಡುವ ಕ್ರಿಯೆಯಿದೆ. ಆಶೆ ಎಂದಾಗ ಮನಸ್ಸಿನ ಬಯಕೆ ಮುಂದೆ ಬರುತ್ತದೆ. ನಿರೀಕ್ಷೆ ಎಂದಾಗ ಇನ್ನೂ ಬಾರದಿರುವುದರ ದಾರಿಗೆ ಕಣ್ಣಿಟ್ಟು ಕಾಯುವ ಮನುಷ್ಯನು ಕಾಣುತ್ತಾನೆ. ಕಾಯುವವನು ಎಲ್ಲಿಯೋ ಒಂದು ಕಡೆ ನಿಂತಿರಬೇಕು. ನಿಂತ ನೆಲವಿಲ್ಲದ ನಿರೀಕ್ಷೆಯಿಲ್ಲ.

ಸಂಕಷ್ಟಗಳಲ್ಲಿ ವಿಶ್ವಾಸವನ್ನು ಬಿಡದೆ ಹಿಡಿದುಕೊಳ್ಳಬೇಕೆಂಬ ಬೋಧನೆಯನ್ನು ನಾವು ಸಾಮಾನ್ಯವಾಗಿ ವ್ಯಕ್ತಿಯೊಬ್ಬನ ಅಂತರಂಗಕ್ಕೆ ಸಂಬಂಧಿಸಿದ ವಿಷಯವೆಂದು ಪ್ರಸಂಗಿಸುತ್ತೇವೆ. ಈ ಲೇಖನದಲ್ಲಿ ಅದನ್ನು ಒಂದು ಸೀಮೆಯ ಚರಿತ್ರೆಯಾಗಿ ನೋಡುವ ಪ್ರಯತ್ನವಿದೆ. ಆ ಸೀಮೆ ವಿಜಯಪುರ ನಗರ ಹಾಗೂ ಅದರ ಪಶ್ಚಿಮ ಮತ್ತು ನೈಋತ್ಯಕ್ಕೆ ಹಬ್ಬಿರುವ ತಿಕೋಟಾ, ಬಬಲೇಶ್ವರಗಳ ಬಯಲು. ಅಲ್ಲಿನ ಪ್ರಾಟೆಸ್ಟಂಟ್ ಸಭೆ ಬರಗಾಲದ ನೆರಳಿನಲ್ಲಿ ಹುಟ್ಟಿ, ಆಸರೆಗಳನ್ನು ಒಂದೊಂದಾಗಿ ಕಳೆದುಕೊಂಡು, ಆದರೂ ಉಳಿಯಿತು. ಸಭೆಯ ನಿರೀಕ್ಷೆ ನಿಜವಾಗಿ ಪರೀಕ್ಷೆಗೆ ಒಳಗಾಗುವುದು ರೊಟ್ಟಿ ದೊರೆತ ವರ್ಷದಲ್ಲಿ ಅಲ್ಲ, ರೊಟ್ಟಿ ಕೊಟ್ಟ ಕೈ ಹಿಂದೆ ಸರಿದ ವರ್ಷದಲ್ಲಿ ಎಂಬುದೇ ಆ ಚರಿತ್ರೆಯ ಪಾಠವೆಂದು ತೋರುತ್ತದೆ.

ನೆಲ ಮತ್ತು ಮಳೆ

ವಿಜಯಪುರ ಸೀಮೆಯಲ್ಲಿ ವರ್ಷಕ್ಕೆ ಬೀಳುವ ಮಳೆ 600 ಮಿಲಿಮೀಟರಿನ ಆಸುಪಾಸಿನದು. ಅದೂ ನಂಬಿಕೆಗೆ ಅರ್ಹವಲ್ಲದ ಮಳೆ. ಜತ್ತ ಸೀಮೆಯಲ್ಲಿ ಹುಟ್ಟಿ ಪೂರ್ವಕ್ಕೆ ಹರಿಯುವ ಡೋಣಿ ನದಿಯ ನೀರು ಸವುಳು. ಬಾಯಾರಿದವನಿಗೆ ಅದರಿಂದ ಉಪಯೋಗ ಕಡಿಮೆ. ಆದರೆ ಅದರ ಇಕ್ಕೆಲದ ಎರೆ ಭೂಮಿ ನಾಡಿನ ಅತ್ಯುತ್ತಮ ಜೋಳದ ನೆಲಗಳಲ್ಲಿ ಒಂದು. ಡೋಣಿ ಬೆಳೆದರೆ ಉಂಡು ಮುಗಿಸುವವರಿಲ್ಲ, ಬೆಳೆಯದಿದ್ದರೆ ಉಣ್ಣಲು ಉಳಿಯುವವರಿಲ್ಲ ಎಂಬ ಅರ್ಥದ ಹಳೆಯ ಮಾತು ಈ ಸೀಮೆಯಲ್ಲಿದೆ. ಸಮೃದ್ಧಿಗೂ ನಾಶಕ್ಕೂ ನಡುವೆ ಒಂದೇ ಮಳೆಯ ಅಂತರವಿದ್ದ ಬದುಕು ಅದು.

ಇಲ್ಲಿನ ಒಕ್ಕಲುತನದ ಕ್ರಮ ದೈವಶಾಸ್ತ್ರದ ವಿದ್ಯಾರ್ಥಿಗಳು ಗಮನಿಸತಕ್ಕದ್ದು. ಮುಂಗಾರಿನಲ್ಲಿ ಎರೆ ಭೂಮಿಯನ್ನು ಹರಗಿ ತೆರವಾಗಿ ಬಿಟ್ಟು ನೀರು ಕುಡಿಸುತ್ತಾರೆ. ಹಿಂಗಾರಿ ಬಿಳಿಜೋಳವನ್ನು ಬಿತ್ತುವುದು ಸೆಪ್ಟೆಂಬರ್, ಅಕ್ಟೋಬರ್ ಹೊತ್ತಿಗೆ. ಆಮೇಲೆ ಹೆಚ್ಚಿನ ಮಳೆಯಿಲ್ಲ. ನೆಲದೊಳಗೆ ಅಡಗಿದ ತೇವದಿಂದಲೂ ಚಳಿಗಾಲದ ಇಬ್ಬನಿಯಿಂದಲೂ ಪೈರು ತೆನೆಗಟ್ಟಬೇಕು. ಬಿತ್ತಿದವನ ಕಣ್ಣಿಗೆ ಆ ತೇವ ಕಾಣುವುದಿಲ್ಲ. ಧರ್ಮೋಪದೇಶಕಾಂಡದ 11ನೆಯ ಅಧ್ಯಾಯದಲ್ಲಿ ಇಸ್ರಾಯೇಲರಿಗೆ ವಾಗ್ದಾನವಾದ ಮಳೆಗಳನ್ನು ಕನ್ನಡ ಬೈಬಲು ಮುಂಗಾರು, ಹಿಂಗಾರು ಎಂದೇ ಕರೆದಿರುವುದರಿಂದ, ಯಾಕೋಬನ ಪತ್ರದ 5ನೆಯ ಅಧ್ಯಾಯದಲ್ಲಿ ಭೂಮಿಯ ಫಲಕ್ಕಾಗಿ ತಾಳ್ಮೆಯಿಂದ ಕಾಯುವ ಒಕ್ಕಲಿಗನು ಬಬಲೇಶ್ವರದ ಓದುಗನಿಗೆ ಅಪರಿಚಿತನಲ್ಲ. ಅವನು ತನ್ನ ಹೊಲದ ಬದುವಿನ ಮೇಲೆಯೇ ನಿಂತಿರುವ ಮನುಷ್ಯ.

ಧಾತು–ಈಶ್ವರ ಸಂವತ್ಸರಗಳ ಕ್ಷಾಮ

1876ರಲ್ಲಿ ಮಳೆ ಕೈಕೊಟ್ಟಿತು. ಪಂಚಾಂಗದಲ್ಲಿ ಅದು ಧಾತು ಸಂವತ್ಸರ, ಮುಂದಿನದು ಈಶ್ವರ. ದಕ್ಷಿಣ ಭಾರತದ ಬಹುಭಾಗವನ್ನು ಆವರಿಸಿದ ಆ ಮಹಾಕ್ಷಾಮದಲ್ಲಿ ಸತ್ತವರ ಸಂಖ್ಯೆಯನ್ನು ಚರಿತ್ರೆಕಾರರು 55 ಲಕ್ಷದಿಂದ 80 ಲಕ್ಷಕ್ಕೂ ಮೇಲೆ ಅಂದಾಜು ಮಾಡಿದ್ದಾರೆ. ವಿಜಯಪುರ ಆಗ ಮುಂಬೈ ಪ್ರಾಂತದ ಕಲಾದಗಿ ಜಿಲ್ಲೆಗೆ ಸೇರಿತ್ತು. 1872ರ ಜನಗಣತಿಯಲ್ಲಿ ಆ ಜಿಲ್ಲೆಯ ಜನಸಂಖ್ಯೆ ಸುಮಾರು 8 ಲಕ್ಷ 16 ಸಾವಿರ. 1881ರಲ್ಲಿ ಸುಮಾರು 6 ಲಕ್ಷ 38 ಸಾವಿರ. ಐವರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿ ಲೆಕ್ಕದಿಂದ ಕಾಣೆಯಾದರು. ಅವರೆಲ್ಲರೂ ಸತ್ತವರಲ್ಲ; ಗುಳೆ ಹೋಗಿ ಮರಳಿ ಬಾರದವರೂ ಅದರಲ್ಲಿದ್ದಾರೆ. ಆದರೆ ಊರಿನ ಪಾಲಿಗೆ ಇಬ್ಬರೂ ಬರಿದಾದ ಮನೆಗಳೇ.

ಈ ನಾಶಕ್ಕೆ ಮಳೆಯೊಂದೇ ಕಾರಣವಾಗಿರಲಿಲ್ಲ ಎಂಬುದನ್ನು ಒತ್ತಿ ಹೇಳಬೇಕಾಗಿದೆ. ಧಾನ್ಯದ ಬೆಲೆ ಕೂಲಿಯವನ ಕೈಗೆಟುಕದಂತೆ ಏರಿತು. ಹಾಗಿದ್ದೂ ದೇಶದಿಂದ ಧಾನ್ಯದ ರಫ್ತು ನಿಲ್ಲಲಿಲ್ಲ. 1877ರಲ್ಲಿ ಕ್ಷಾಮ ಪರಿಶೀಲನೆಗೆ ನೇಮಕಗೊಂಡ ರಿಚರ್ಡ್ ಟೆಂಪಲ್ ಪರಿಹಾರ ಕಾಮಗಾರಿಯಲ್ಲಿ ದುಡಿಯುವ ಗಂಡಾಳಿನ ದಿನಗೂಲಿಯನ್ನು ಒಂದು ಪೌಂಡು ಧಾನ್ಯದ ಬೆಲೆ ಹಾಗೂ ಒಂದು ಆಣೆಗೆ ಇಳಿಸಿದನು. ಒಂದು ಪೌಂಡು ಎಂದರೆ ಅರ್ಧ ಕಿಲೋಗ್ರಾಮಿಗಿಂತ ಕಡಿಮೆ. ಹೆಂಗಸರಿಗೂ ಮಕ್ಕಳಿಗೂ ಇನ್ನೂ ಕಡಿಮೆ. ಮದ್ರಾಸಿನ ಆರೋಗ್ಯಾಧಿಕಾರಿ ವಿಲಿಯಂ ಕಾರ್ನಿಷ್ ಇದರಿಂದ ದುಡಿಯುವ ದೇಹ ಉಳಿಯಲಾರದೆಂದು ವಾದಿಸಿದನು. ಮುಂಬೈ ಪ್ರಾಂತದಲ್ಲಿ ಕೂಲಿಗಳು ಕೆಲಸ ಬಿಟ್ಟು ಹೊರನಡೆದರು. ಪುಣೆಯ ಸಾರ್ವಜನಿಕ ಸಭೆ ಅವರ ಪರವಾಗಿ ಸರ್ಕಾರಕ್ಕೆ ಮನವಿಗಳನ್ನು ಬರೆಯಿತು. ಅದೇ 1877ರ ಜನವರಿ 1ರಂದು ದೆಹಲಿಯಲ್ಲಿ ವಿಕ್ಟೋರಿಯಾ ರಾಣಿಯನ್ನು ಸಾಮ್ರಾಜ್ಞಿಯೆಂದು ಘೋಷಿಸುವ ದರ್ಬಾರು ನಡೆದಿತ್ತು.

ಸಭಾಪಾಲಕರು ಈ ವಿವರಗಳನ್ನು ಏಕೆ ತಿಳಿದಿರಬೇಕು? ಬರವನ್ನು ದೇವರ ದಂಡನೆಯೆಂದು ಬೋಧಿಸುವುದು ಸುಲಭ. ಆದರೆ ಹಾಗೆ ಬೋಧಿಸುವವನು ಕೂಲಿಯನ್ನು ಇಳಿಸಿದ ಮನುಷ್ಯರನ್ನು ವಿಚಾರಣೆಯಿಂದ ಬಿಡಿಸಿ, ಹಸಿದು ಸತ್ತ ಮಗುವಿನ ತಾಯಿಯನ್ನು ಕಟಕಟೆಯಲ್ಲಿ ನಿಲ್ಲಿಸುತ್ತಾನೆ. ಕ್ಷಾಮದ ಚರಿತ್ರೆಯನ್ನು ಬಲ್ಲವನು ಈ ತಪ್ಪನ್ನು ಮಾಡಲಾರನು.

ಅನ್ನಕ್ಕಾಗಿ ಬಂದವರೆಂಬ ಆರೋಪ

1834ರಲ್ಲಿ ಮಂಗಳೂರಿಗೆ ಬಂದಿಳಿದ ಬಾಸೆಲ್ ಮಿಶನ್ ಸಹ್ಯಾದ್ರಿಯನ್ನು ದಾಟಿ 1837ರಲ್ಲಿ ಧಾರವಾಡ, 1839ರಲ್ಲಿ ಹುಬ್ಬಳ್ಳಿ, 1841ರಲ್ಲಿ ಬೆಟಗೇರಿ, 1851ರಲ್ಲಿ ಗುಳೇದಗುಡ್ಡಗಳಲ್ಲಿ ನೆಲೆಗಳನ್ನು ಸ್ಥಾಪಿಸಿತು. ಮಹಾಕ್ಷಾಮದ ಹೊತ್ತಿಗೆ ಕಲಾದಗಿ ಜಿಲ್ಲೆಯಲ್ಲಿ ಅದಕ್ಕಿದ್ದ ನೆಲೆ ನೇಕಾರರ ಊರಾದ ಗುಳೇದಗುಡ್ಡ. ಬರದಲ್ಲಿ ನೇಕಾರನ ಪಾಡು ಒಕ್ಕಲಿಗನದಕ್ಕಿಂತ ಕಠಿಣ. ಜೋಳ ತುಟ್ಟಿಯಾದಾಗ ಖಣ ಕೊಳ್ಳುವವರಿರುವುದಿಲ್ಲ. ಮಗ್ಗ ನಿಂತರೆ ಅಂದಿನ ಒಲೆಯೂ ನಿಲ್ಲುತ್ತದೆ.

1885ರಲ್ಲಿ ಜಿಲ್ಲೆಯ ಕೇಂದ್ರ ಕಲಾದಗಿಯಿಂದ ವಿಜಯಪುರಕ್ಕೆ, ಅಂದಿನ ಬಿಜಾಪುರಕ್ಕೆ, ವರ್ಗವಾಯಿತು. ಅದೇ ವರ್ಷ ಬಾಸೆಲ್ ಮಿಶನ್ ಅಲ್ಲಿ ತನ್ನ ನೆಲೆಯನ್ನು ತೆರೆಯಿತು. ಆದಿಲ್‌ಶಾಹಿಯ ಕಾಲದಲ್ಲಿ ಜಗತ್ಪ್ರಸಿದ್ಧವಾಗಿದ್ದ ಆ ನಗರದಲ್ಲಿ 1881ರಲ್ಲಿ ಉಳಿದಿದ್ದವರು ಸುಮಾರು 11 ಸಾವಿರ ಮಂದಿ. ಗೋಳಗುಮ್ಮಟದ ಕೆಳಗೆ ಪಾಳುಗೋಡೆಗಳ ನಡುವೆ ಬರದಿಂದ ಆಗಷ್ಟೇ ಎದ್ದ ಜನರ ಊರದು. ಕ್ರೈಸ್ತ ಸಭೆ ಇಲ್ಲಿ ಬೇರುಬಿಟ್ಟದ್ದು ಗೆದ್ದವರ ನಗರದಲ್ಲಿ ಅಲ್ಲ, ಸೋತು ಉಳಿದವರ ನಡುವೆ.

ಹೀಗೆ ಹುಟ್ಟಿದ ಸಭೆಗಳ ಮೇಲೆ ಒಂದು ಆರೋಪ ಹೊರಿಸಲಾಗುತ್ತದೆ: ಇವರು ಅನ್ನಕ್ಕಾಗಿ ಬಂದವರು. ಆರೋಪವನ್ನು ಕೋಪದಿಂದ ತಳ್ಳಿಹಾಕುವ ಬದಲು ಪರೀಕ್ಷಿಸುವುದು ಒಳ್ಳೆಯದು. ಈ ಪ್ರಶ್ನೆ ಅಂದಿನ ಮಿಶನರಿಗಳನ್ನೇ ಕಾಡಿತ್ತು. ತೆಲುಗು ಸೀಮೆಯ ಒಂಗೋಲಿನಲ್ಲಿ ಅಮೆರಿಕನ್ ಬ್ಯಾಪ್ಟಿಸ್ಟ್ ಮಿಶನರಿ ಜಾನ್ ಕ್ಲೌ ಇದೇ ಕ್ಷಾಮದಲ್ಲಿ ಬಕಿಂಗ್‌ಹ್ಯಾಂ ಕಾಲುವೆಯ ಒಂದು ಭಾಗವನ್ನು ತೋಡಿಸುವ ಗುತ್ತಿಗೆ ಹಿಡಿದು ಸಾವಿರಾರು ಮಂದಿಗೆ ಕೂಲಿ ಕೊಟ್ಟನು. ಆದರೆ ಪರಿಹಾರ ನಡೆಯುತ್ತಿದ್ದ ಒಂದು ವರ್ಷಕ್ಕೂ ಹೆಚ್ಚು ಕಾಲ ಯಾರಿಗೂ ದೀಕ್ಷಾಸ್ನಾನ ಕೊಡಲಿಲ್ಲ. ಕೂಲಿ ಮುಗಿದ ಬಳಿಕ ಜನರು ಹೊರಟುಹೋಗಲಿಲ್ಲ. 1878ರ ಜುಲೈ 3ರಂದು ಒಂದೇ ದಿನ 2,222 ಮಂದಿ ದೀಕ್ಷಾಸ್ನಾನ ಹೊಂದಿದರು. ಕನ್ನಡ ಸೀಮೆಯಲ್ಲಿ ಇಷ್ಟು ದೊಡ್ಡ ಚಳವಳಿ ನಡೆಯಲಿಲ್ಲ. ಇಲ್ಲಿ ಬಂದವರು ಕೆಲವರು, ಒಬ್ಬೊಬ್ಬರಾಗಿ, ಒಂದೊಂದು ಮನೆಯಾಗಿ ಬಂದರು. ಮೈಸೂರು ಸೀಮೆಯ ತುಮಕೂರು, ಹಾಸನಗಳಲ್ಲಿ ವೆಸ್ಲಿಯನ್ ಮಿಶನ್ ತೆರೆದ ಅನಾಥಾಲಯಗಳಂತೆ, ಬರದಲ್ಲಿ ತಬ್ಬಲಿಗಳಾದ ಮಕ್ಕಳೂ ಸಭೆಯ ಆಸರೆಯಲ್ಲಿ ಬೆಳೆದರು.

ಹಸಿದು ಬಂದವನ ವಿಶ್ವಾಸ ಕೀಳೆಂದು ಹೇಳುವುದು ಸುವಾರ್ತೆಯ ಮಾತಲ್ಲ. ಲೂಕನು ಬರೆದ ಸುವಾರ್ತೆಯ 15ನೆಯ ಅಧ್ಯಾಯದಲ್ಲಿ ಕಿರಿಯ ಮಗನಿಗೆ ತಂದೆಯ ಮನೆ ನೆನಪಾದದ್ದು ದೂರದೇಶದಲ್ಲಿ ಘೋರವಾದ ಬರ ಬಂದಾಗ, ಆಳುಗಳಿಗೂ ಅಲ್ಲಿ ರೊಟ್ಟಿಯಿದೆ ಎಂಬ ಲೆಕ್ಕಾಚಾರದಿಂದ. ತಂದೆ ಅವನ ಉದ್ದೇಶವನ್ನು ತೂಗಿ ನೋಡಲಿಲ್ಲ; ಓಡಿಹೋಗಿ ಅಪ್ಪಿಕೊಂಡನು. ಇದಲ್ಲದೆ, ಲಾಭದ ಲೆಕ್ಕದಲ್ಲಿಯೂ ಆ ಆರೋಪ ನಿಲ್ಲುವುದಿಲ್ಲ. ಬಾಸೆಲ್ ಮಿಶನ್ ಸಭೆಯೊಳಗೆ ಜಾತಿಭೇದವನ್ನು ಒಪ್ಪುತ್ತಿರಲಿಲ್ಲ. ದೀಕ್ಷಾಸ್ನಾನ ಹೊಂದಿದವನು ಕುಲದವರ ಪಂಕ್ತಿಯನ್ನೂ ಮದುವೆಯ ಸಂಬಂಧವನ್ನೂ ಅನೇಕ ವೇಳೆ ಕಸುಬನ್ನೂ ಕಳೆದುಕೊಳ್ಳುತ್ತಿದ್ದನು. ಮಿಶನ್ ನೇಯ್ಗೆಯ ಶಾಲೆಗಳನ್ನೂ ಹೆಂಚಿನ ಕಾರ್ಖಾನೆಗಳನ್ನೂ ತೆರೆಯಬೇಕಾಗಿ ಬಂದದ್ದೇ ಹೀಗೆ ಕಸುಬು ಕಳೆದುಕೊಂಡವರಿಗಾಗಿ. ಒಂದು ವರ್ಷದ ಗಂಜಿಗಾಗಿ ಇಡೀ ಬಾಳಿನ ನೆಂಟಸ್ತಿಕೆಯನ್ನು ತೆತ್ತವರನ್ನು ಲಾಭಕೋರರೆಂದು ಕರೆಯಲಾಗದು.

ಆಸರೆ ತಪ್ಪಿದ ಕಾಲ

ಎರಡನೆಯ ಪರೀಕ್ಷೆ ಬೇರೆ ರೂಪದಲ್ಲಿ ಬಂದಿತು. 1914ರಲ್ಲಿ ಮಹಾಯುದ್ಧ ಆರಂಭವಾದಾಗ ಬಾಸೆಲ್ ಮಿಶನಿನ ಜರ್ಮನ್ ಮಿಶನರಿಗಳು ಶತ್ರುದೇಶದವರಾದರು. ಅವರನ್ನು ಅಹಮದ್‌ನಗರದ ಶಿಬಿರದಲ್ಲಿ ಬಂಧಿಸಿಡಲಾಯಿತು. ಮುಂದೆ ಹಡಗು ಹತ್ತಿಸಿ ಸ್ವದೇಶಕ್ಕೆ ಕಳುಹಿಸಲಾಯಿತು. ಮಿಶನಿನ ಕಾರ್ಖಾನೆಗಳು ಬೇರೆಯವರ ಆಡಳಿತಕ್ಕೆ ಹೋದವು. ಎಂಬತ್ತು ವರ್ಷಗಳಿಂದ ಹಣ, ಆಡಳಿತ, ಶಾಲೆ, ಕೆಲಸ ಎಲ್ಲವೂ ಯಾರ ಮೂಲಕ ಬರುತ್ತಿತ್ತೋ ಅವರು ಕೆಲವೇ ತಿಂಗಳುಗಳಲ್ಲಿ ಇಲ್ಲವಾದರು. 1918ರಲ್ಲಿ ಮಳೆಯೂ ತಪ್ಪಿತು. ಅದೇ ವರ್ಷ ಇನ್‌ಫ್ಲುಯೆಂಜಾ ಜ್ವರ ಮುಂಬೈ ಪ್ರಾಂತದ ಹಳ್ಳಿಗಳನ್ನು ಹೊಕ್ಕಿತು. ಮಿಶನರಿಗಳು ಮರಳಿದ್ದು 1920ರ ದಶಕದ ಉತ್ತರಾರ್ಧದಲ್ಲಿ. ಎರಡನೆಯ ಮಹಾಯುದ್ಧದಲ್ಲಿ ಜರ್ಮನರ ಬಂಧನ ಮತ್ತೊಮ್ಮೆ ನಡೆಯಿತು; ಆ ಯುದ್ಧದ ನಡುವೆಯೇ, 1942–43ರಲ್ಲಿ, ವಿಜಯಪುರ ಜಿಲ್ಲೆ ಇನ್ನೊಂದು ಕ್ಷಾಮವನ್ನು ಕಂಡಿತು.

ಅನ್ನಕ್ಕಾಗಿ ಕಟ್ಟಿದ ಸಭೆಯಾಗಿದ್ದರೆ ಅದು ಬಿದ್ದುಹೋಗಬೇಕಾಗಿದ್ದ ಕಾಲ ಇದು. ಬೀಳಲಿಲ್ಲ. ಸ್ಥಳೀಯ ಪಾಲಕರು, ಉಪದೇಶಿಗಳು, ಶಾಲಾಮಾಸ್ತರರು, ಮನೆಯಲ್ಲಿ ಮಕ್ಕಳಿಗೆ ಪ್ರಾರ್ಥನೆ ಕಲಿಸಿದ ತಾಯಂದಿರು ಸಭೆಯನ್ನು ಹೊತ್ತು ನಡೆಸಿದರು. 1947ರ ಸೆಪ್ಟೆಂಬರ್ 27ರಂದು ದಕ್ಷಿಣ ಇಂಡಿಯಾ ಸಭೆ ಉದಯಿಸಿತು. ಮುಂಬೈ ಕರ್ನಾಟಕದ ಬಾಸೆಲ್ ಮಿಶನ್ ಸಭೆಗಳು ಅದಕ್ಕೆ ಬಳಿಕ ಸೇರಿದವು. 1970ರಲ್ಲಿ ಧಾರವಾಡವನ್ನು ಕೇಂದ್ರವಾಗಿ ಉಳ್ಳ ಕರ್ನಾಟಕ ಉತ್ತರ ಸಭಾಪ್ರಾಂತ ರಚನೆಯಾಯಿತು. ದೊಡ್ಡ ಸಂಖ್ಯೆಯನ್ನೂ ಅಧಿಕಾರವನ್ನೂ ಈ ಸಭೆಗಳು ಎಂದೂ ಪಡೆಯಲಿಲ್ಲ. ಅವು ಉಳಿದವು, ಅದೇ ಅವುಗಳ ಸಾಕ್ಷಿ. ರೋಮಾಪುರದವರಿಗೆ ಬರೆದ ಪತ್ರದ 5ನೆಯ ಅಧ್ಯಾಯದಲ್ಲಿ ಪೌಲನು ತೋರಿಸುವ ಕ್ರಮವನ್ನು ಇಲ್ಲಿ ನೆನೆಯಬಹುದು. ಉಪದ್ರವದಿಂದ ನೇರವಾಗಿ ನಿರೀಕ್ಷೆ ಹುಟ್ಟುವುದೆಂದು ಅವನು ಹೇಳುವುದಿಲ್ಲ. ನಡುವೆ ತಾಳ್ಮೆಯಿದೆ, ತಾಳ್ಮೆಯಿಂದ ಬರುವ ಪರೀಕ್ಷಿತ ಗುಣವಿದೆ. ಆ ನಡುವಿನ ಮೆಟ್ಟಿಲುಗಳಿಗೆ ವರ್ಷಗಳು ಬೇಕು, ಕೆಲವೊಮ್ಮೆ ತಲೆಮಾರುಗಳು ಬೇಕು.

ಬರದ ಮಗಳೊಬ್ಬಳ ಸಾಕ್ಷಿ

ಸಭೆಯ ಚರಿತ್ರೆಯಲ್ಲಿ ಕಂಡ ಈ ಕ್ರಮ ವ್ಯಕ್ತಿಯ ಬಾಳಿನಲ್ಲಿಯೂ ಕಾಣುತ್ತದೆ. ಪಂಡಿತಾ ರಮಾಬಾಯಿಯವರು 1858ರಲ್ಲಿ ಹುಟ್ಟಿದ್ದು ಕರ್ನಾಟಕದ ಗಂಗಾಮೂಲದ ಕಾಡಿನಲ್ಲಿ. ತಂದೆ ಅನಂತಶಾಸ್ತ್ರಿ ಡೋಂಗ್ರೆಯವರು ಹೆಂಡತಿ ಮಕ್ಕಳಿಗೆ ಸಂಸ್ಕೃತ ಕಲಿಸಿದ ಪಂಡಿತರು. 1870ರ ದಶಕದ ಕ್ಷಾಮದಲ್ಲಿ, ಪುರಾಣ ಹೇಳುತ್ತ ಊರೂರು ಅಲೆಯುತ್ತಿದ್ದ ಆ ಕುಟುಂಬದ ತಂದೆ, ತಾಯಿ, ಅಕ್ಕ ಒಬ್ಬರ ಹಿಂದೆ ಒಬ್ಬರು ತೀರಿಕೊಂಡರು. ರಮಾಬಾಯಿ ಕ್ರೈಸ್ತಳಾದದ್ದು ಆ ಹಸಿವಿನ ದಿನಗಳಲ್ಲಿ ಅಲ್ಲ. ಎಷ್ಟೋ ವರ್ಷಗಳ ಓದು, ವಾದ, ಶೋಧನೆಗಳ ನಂತರ 1883ರಲ್ಲಿ ಇಂಗ್ಲೆಂಡಿನಲ್ಲಿ. 1896–97ರಲ್ಲಿ ಮಧ್ಯಪ್ರಾಂತದಲ್ಲಿ ಬರ ಬಿದ್ದಾಗ ಆಕೆ ತಾನೇ ಹೊರಟು ನೂರಾರು ಹೆಣ್ಣುಮಕ್ಕಳನ್ನು ಕರೆತಂದರು. ಪುಣೆಯ ಬಳಿ ಕೇಡಗಾಂವದ ಮುಕ್ತಿ ಸದನ ಬೆಳೆದದ್ದು ಹಾಗೆ. 1912ರಲ್ಲಿ ನಮ್ಮ ನೆರೆಯ ಕಲಬುರಗಿಯಲ್ಲಿ ಆಕೆ ಶಾಲೆಯೊಂದನ್ನು ತೆರೆದರು. 1921ರಲ್ಲಿ ಒಬ್ಬಳೇ ಮಗಳು ಮನೋರಮಾ ತೀರಿಕೊಂಡಾಗಲೂ ಮರಾಠಿ ಬೈಬಲಿನ ಅನುವಾದದ ಕೆಲಸವನ್ನು ಬಿಡದೆ, ಮರುವರ್ಷದ ಏಪ್ರಿಲ್ 5ರಂದು ಆಕೆಯೂ ಕರ್ತನಲ್ಲಿ ನಿದ್ರೆಹೋದರು. ಬರ ಆಕೆಗೆ ವಿಶ್ವಾಸವನ್ನು ಕೊಡಲಿಲ್ಲ. ಬರದಲ್ಲಿ ಕಂಡದ್ದನ್ನು ಮರೆಯದಿರುವ ಮನಸ್ಸಿಗೆ ವಿಶ್ವಾಸವು ಒಂದು ಕೆಲಸವನ್ನು ಕೊಟ್ಟಿತು.

ಶಾಸ್ತ್ರದಲ್ಲಿ ಬರ

ಬರಗಾಲದ ಶಾಸ್ತ್ರಭಾಗಗಳನ್ನು ಈ ಚರಿತ್ರೆಯ ಬೆಳಕಿನಲ್ಲಿ ಮತ್ತೆ ಓದಬೇಕು. ರೂತಳ ಗ್ರಂಥ ಆರಂಭವಾಗುವುದು ಗುಳೆಯಿಂದ. ರೊಟ್ಟಿಯ ಮನೆ ಎಂಬ ಅರ್ಥದ ಬೇತ್ಲೆಹೇಮಿನಲ್ಲಿ ರೊಟ್ಟಿಯಿಲ್ಲದೆ ಒಂದು ಕುಟುಂಬ ಮೋವಾಬಿಗೆ ಹೋಗುತ್ತದೆ. ನೊವೊಮಿಯು ಗಂಡನನ್ನೂ ಇಬ್ಬರು ಮಕ್ಕಳನ್ನೂ ಕಳೆದುಕೊಂಡು ಮರಳಿದಾಗ ತನ್ನ ಹೆಸರು ಮಾರಾ, ಕಹಿಯಾದವಳು, ಎನ್ನುತ್ತಾಳೆ. ಊರಿನ ಹೆಂಗಸರಾಗಲಿ ಗ್ರಂಥಕರ್ತನಾಗಲಿ ಆಕೆಯ ಕಹಿಯನ್ನು ಅವಿಶ್ವಾಸವೆಂದು ಖಂಡಿಸುವುದಿಲ್ಲ. ಆಕೆಯನ್ನು ಉಳಿಸಿದ್ದು ಪಕ್ಕದಿಂದ ಕದಲದ ಸೊಸೆ, ಹಕ್ಕಲು ಆಯಲು ಬಿಟ್ಟ ಹೊಲ, ಮತ್ತು ಬಡವರಿಗಾಗಿ ಅದನ್ನು ಬಿಡಬೇಕೆಂಬ ಧರ್ಮಶಾಸ್ತ್ರ.

ಯೆರೆಮೀಯನ 14ನೆಯ ಅಧ್ಯಾಯದಲ್ಲಿ ಬಿರುಕುಬಿಟ್ಟ ನೆಲದ ಮುಂದೆ ಒಕ್ಕಲಿಗರು ನಾಚಿ ತಲೆಗೆ ಮುಸುಕು ಹಾಕಿಕೊಳ್ಳುತ್ತಾರೆ. ಸಾಲ ತೀರಿಸಲಾಗದ ರೈತನ ಆ ನಾಚಿಕೆಯನ್ನು ಪ್ರವಾದಿ ಬಲ್ಲನು. ಅದೇ ಅಧ್ಯಾಯದಲ್ಲಿ ಬರವೇ ಇಲ್ಲ, ಸಮಾಧಾನವಿದೆ ಎಂದು ಸಾರುವ ಪ್ರವಾದಿಗಳನ್ನು ದೇವರು ತಾನು ಕಳುಹಿಸಿದವರಲ್ಲವೆಂದು ತಿರಸ್ಕರಿಸುತ್ತಾನೆ. ಸುಳ್ಳು ನಿರೀಕ್ಷೆಯು ನಿರಾಶೆಗಿಂತ ಹೆಚ್ಚು ಅಪಾಯಕಾರಿ ಎಂಬುದಕ್ಕೆ ಇದಕ್ಕಿಂತ ಕಠಿಣವಾದ ಎಚ್ಚರಿಕೆ ಬೇರೆ ಇಲ್ಲ. ಹಬಕ್ಕೂಕನಾದರೋ ಅಂಜೂರ, ದ್ರಾಕ್ಷಿ, ಎಣ್ಣೆಮರ, ಹೊಲ, ಹಟ್ಟಿ, ಕೊಟ್ಟಿಗೆ ಎಂದು ನಷ್ಟವನ್ನು ಒಂದೊಂದಾಗಿ ಎಣಿಸಿ, ಆಮೇಲೆಯೇ ದೇವರಲ್ಲಿ ತನ್ನ ಉಲ್ಲಾಸವನ್ನು ಹೇಳುತ್ತಾನೆ. ಎಣಿಸದೆ ಹೇಳಿದ ಉಲ್ಲಾಸಕ್ಕೆ ಬೆಲೆಯಿಲ್ಲ.

ಇಂದಿನ ಪಾಲನಾಸೇವೆಗೆ

ತಿಕೋಟಾ, ಬಬಲೇಶ್ವರಗಳು ಇಂದು ಪ್ರತ್ಯೇಕ ತಾಲ್ಲೂಕುಗಳು. ತುಬಚಿ–ಬಬಲೇಶ್ವರ ಏತ ನೀರಾವರಿಯಿಂದ ಕೃಷ್ಣೆಯ ನೀರು ಈ ಬಯಲಿಗೆ ಏರಿದೆ. ತಿಕೋಟಾದ ಸುತ್ತ ದ್ರಾಕ್ಷಿ ಪಡಗಳೂ ಒಣದ್ರಾಕ್ಷಿಯ ಶೆಡ್ಡುಗಳೂ ಎದ್ದಿವೆ. ಆದರೂ ಕಷ್ಟ ಹೋಗಿಲ್ಲ, ರೂಪ ಬದಲಿಸಿದೆ. ಹಿಂದೆ ಮಳೆ ಬಾರದೆ ಕೆಟ್ಟವನು ಇಂದು ಒಣಗಲು ಹಾಕಿದ ದ್ರಾಕ್ಷಿಯ ಮೇಲೆ ಅಕಾಲದ ಮಳೆ ಬಂದು ಕೆಡುತ್ತಾನೆ. ಬೆಳೆ ಬಂದ ವರ್ಷ ದರ ಬೀಳುತ್ತದೆ. ನೆಲವಿಲ್ಲದವರು ಮಹಾರಾಷ್ಟ್ರದ ಕಬ್ಬಿನ ಗದ್ದೆಗಳಿಗೂ ಗೋವೆಯ ಕಟ್ಟಡ ಕೆಲಸಕ್ಕೂ ಇಂದಿಗೂ ಗುಳೆ ಹೋಗುತ್ತಾರೆ.

ಇಂಥ ಸೀಮೆಗೆ ಸೇವೆಗಾಗಿ ಹೋಗುವ ಸೆಮಿನರಿ ವಿದ್ಯಾರ್ಥಿಗೆ ಈ ಚರಿತ್ರೆ ಮೂರು ಮಾತುಗಳನ್ನು ಕಲಿಸುತ್ತದೆ. ಮೊದಲನೆಯದು, ಕಷ್ಟದ ಕಾರಣವನ್ನು ಕಷ್ಟಪಡುವವನ ಪಾಪದಲ್ಲಿ ಹುಡುಕಬಾರದು. ಕೂಲಿ, ಬೆಲೆ, ಬಡ್ಡಿಗಳ ಲೆಕ್ಕವನ್ನು ಅರಿತು ಮಾತನಾಡಬೇಕು. ಎರಡನೆಯದು, ಪ್ರಲಾಪಕ್ಕೆ ಆರಾಧನೆಯಲ್ಲಿ ಸ್ಥಳ ಕೊಡಬೇಕು. ನೊವೊಮಿಗೆ ಮಾರಾ ಎಂದು ಹೇಳಿಕೊಳ್ಳಲು ಅವಕಾಶವಿರದ ಸಭೆಗೆ ರೂತಳೂ ದೊರೆಯುವುದಿಲ್ಲ. ಮೂರನೆಯದು, ನಿರೀಕ್ಷೆಯನ್ನು ಬೋಧಿಸುವವನು ಉಳಿಯಬೇಕು. ಪರಿಹಾರ ಹಂಚುವ ದಿನ ಬಂದು ಮರುದಿನ ಹೋಗುವವನ ಮಾತಿಗಿಂತ, ದರ ಬಿದ್ದ ವರ್ಷವೂ ಸಂಬಳ ತಡವಾದ ತಿಂಗಳೂ ಅದೇ ಓಣಿಯಲ್ಲಿ ಕಾಣಸಿಗುವ ಪಾಲಕನ ಮೌನ ಹೆಚ್ಚು ನಿರೀಕ್ಷೆಯನ್ನು ಸಾರುತ್ತದೆ.

ಹಿಂಗಾರಿ ಜೋಳವನ್ನು ಬಿತ್ತುವ ಒಕ್ಕಲಿಗನು ಮೋಡವನ್ನು ನಂಬಿ ಬಿತ್ತುವುದಿಲ್ಲ; ನೆಲದೊಳಗೆ ಇಳಿದಿರುವ ತೇವವನ್ನು ನಂಬಿ ಬಿತ್ತುತ್ತಾನೆ. ಕ್ರೈಸ್ತ ನಿರೀಕ್ಷೆಯೂ ಹಾಗೆಯೇ ಈಗಾಗಲೇ ಆಗಿಹೋದ ಒಂದು ಕಾರ್ಯದ ಮೇಲೆ, ಕ್ರಿಸ್ತನ ಮರಣ ಪುನರುತ್ಥಾನಗಳ ಮೇಲೆ, ನಿಂತಿದೆ. ಅದು ಕಣ್ಣಿಗೆ ಕಾಣುವುದಿಲ್ಲ. ಪೈರು ಮಾತ್ರ ಅದನ್ನೇ ಕುಡಿದು ತೆನೆಗಟ್ಟುತ್ತದೆ. ವಿಜಯಪುರ ಸೀಮೆಯ ಸಣ್ಣ ಸಭೆಗಳು ಒಂದು ಶತಮಾನಕ್ಕೂ ಹೆಚ್ಚು ಕಾಲ ಹೀಗೆಯೇ ಬದುಕಿವೆ.